ಕಡಲಿನ ಮೇಲೆ ಮಳೆಯ ಲೆಕ್ಕ

(ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ಹಡಗಿನ ಮಾತೇಕೆ ಎಂದು ತಮಗೆ ಅನಿಸಬಹುದು. ಕಳವಾದಲ್ಲಿ ಮನೆ ಮಾಡಿರುವ ನಾವು ಜೂನ್ ಬಂತೆಂದರೆ ಎರಡು ಮಳೆಗಳನ್ನು ಎದುರು ನೋಡುವವರು. ಒಂದು, ಪಾರಸಿಕ ಗುಡ್ಡದ ಮೇಲೆ ಕವಿದು ಬಂದು, ಖಾಡಿಯ ಭರತಿಯೊಡನೆ ಕೂಡಿ, ಲೋಕಲ್ ಗಾಡಿಯನ್ನು ನಿಲ್ಲಿಸಿಬಿಡುವ ಮಳೆ. ಇನ್ನೊಂದು, ಊರಿನಲ್ಲಿ ಅಣ್ಣನೋ ಚಿಕ್ಕಪ್ಪನೋ ಬಿತ್ತನೆಗೆ ಕಾದು ಕುಳಿತ ಮಳೆ. ಮೊದಲನೆಯದು ತಪ್ಪಲಿ, ಎರಡನೆಯದು ಬರಲಿ ಎಂಬುದು ನಮ್ಮ ಹಾರೈಕೆ. ಆದರೆ ಎರಡರ ತವರೂ ಕಡಲೇ. ಆ ಕಡಲಿನ ಮೇಲೆ ಕುಳಿತು ಮಳೆಯ ಹುಟ್ಟನ್ನು ಅಳೆಯುವವರ ದಿನಚರಿಯನ್ನು ತಮ್ಮ ಮುಂದಿಡಬೇಕೆಂದು ನಮ್ಮ ಆಸೆ.

ನೆಲದ ಮೇಲೆಯೇ ಮಳೆಯ ಲೆಕ್ಕ ಸುಲಭವಲ್ಲ. 2005ರ ಜುಲೈ 26, ನಾವೆಲ್ಲ ಮೊಳಕಾಲು ನೀರಿನಲ್ಲಿ ನಡೆದು ಮನೆ ಸೇರಿದ ದಿನ, ಸಾಂತಾಕ್ರೂಜ್‌ನ ಮಾಪಕದಲ್ಲಿ 24 ಗಂಟೆಗಳಿಗೆ 944 ಮಿಲಿಮೀಟರ್ ಮಳೆ. ಅದೇ ಮುಂಬಯಿಯ ಕೊಲಾಬಾದಲ್ಲಿ ಬರೀ 73. ಒಂದೇ ಪಟ್ಟಣದ ಎರಡು ತುದಿಗಳ ಕಥೆ ಇದಾದರೆ, ಮಾಪಕಕ್ಕೆ ಗೂಟ ನೆಡುವ ಜಾಗವೂ ಇಲ್ಲದ ಸಮುದ್ರದ ಗತಿಯೇನು? ಉಪಗ್ರಹವು ಮೋಡದ ನೆತ್ತಿಯನ್ನು ಕಾಣುತ್ತದೆ, ನಿಜ. ಮೋಡದ ಕೆಳಗಿನ ಗಾಳಿಯಲ್ಲಿ ಪಸೆ ಎಷ್ಟಿದೆಯೆಂದು ಸರಿಯಾಗಿ ತಿಳಿಯಬೇಕಾದರೆ ಅಲ್ಲಿಗೇ ಹೋಗಬೇಕು.

ಹೀಗೆ ಹೋದವರ ಪರಂಪರೆ ನಮ್ಮಲ್ಲಿ ಹೊಸದಲ್ಲ. 1962ರಿಂದ 1965ರವರೆಗೆ ಹಲವು ದೇಶಗಳು ಕೂಡಿ ಹಿಂದೂ ಮಹಾಸಾಗರವನ್ನು ಶೋಧಿಸಿದಾಗ ನಮ್ಮ ನೌಕಾದಳದಿಂದ ಹೋದ ಹಡಗಿನ ಹೆಸರು 'ಕಿಸ್ಟ್ನಾ'. ಆಂಗ್ಲರ ನಾಲಗೆಯಲ್ಲಿ ಹಾಗಾಗಿತ್ತೇ ಹೊರತು ಅದು ನಮ್ಮ ಕೃಷ್ಣಾ ನದಿಯ ಹೆಸರೇ! ಆ ಕಾಲದ ಹವಾಮಾನದ ಅಂಕಿಗಳನ್ನು ಕೂಡಿಹಾಕಿದ ಅಂತರರಾಷ್ಟ್ರೀಯ ಕೇಂದ್ರವಿದ್ದದ್ದು ಇಲ್ಲೇ, ಕೊಲಾಬಾದಲ್ಲಿ.

ಬಳಿಕ ಬಂದದ್ದು 'ಸಾಗರ ಕನ್ಯಾ'. 1983ರಲ್ಲಿ ಜರ್ಮನಿಯಲ್ಲಿ ಕಟ್ಟಿದ, ನೂರು ಮೀಟರ್ ಉದ್ದದ ಸಂಶೋಧನ ನೌಕೆ. 1999ರ ಜುಲೈ-ಆಗಸ್ಟ್ ತಿಂಗಳುಗಳಲ್ಲಿ ಇದು ಬಂಗಾಳ ಕೊಲ್ಲಿಯಲ್ಲಿ ನಿಂತು ಮಾನ್ಸೂನನ್ನು ಅಳೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ವಿಜ್ಞಾನಿಗಳದು ಈ ಕಾರ್ಯದಲ್ಲಿ ದೊಡ್ಡ ಪಾಲು. ಬೇರೆ ಹಡಗುಗಳು ಕೆಟ್ಟ ಹವೆಯನ್ನು ತಪ್ಪಿಸಿಕೊಂಡು ಹೋದರೆ, ಇಂಥ ಹಡಗು ಅದನ್ನೇ ಹುಡುಕಿಕೊಂಡು ಹೋಗುತ್ತದೆ.

ಅಲ್ಲಿಯ ದಿನ ಸೂರ್ಯನನ್ನು ನೋಡಿ ನಡೆಯುವುದಿಲ್ಲ. ಬೆಳಗಿನ 5-30, 11-30, ಸಂಜೆಯ 5-30, ರಾತ್ರಿಯ 11-30: ಲೋಕದ ಹವಾಮಾನದವರೆಲ್ಲ ಗ್ರೀನ್‌ವಿಚ್ ಗಡಿಯಾರದಂತೆ ಏಕಕಾಲಕ್ಕೆ ಆಕಾಶ ನೋಡುವ ಮುಖ್ಯ ಹೊತ್ತುಗಳಿವು. ನಾವಿಕರಿಗೆ ನಾಲ್ಕು ನಾಲ್ಕು ಗಂಟೆಯ ಪಾಳಿ. ಊಟದ ಮೇಜಿನ ಮೇಲೆ ತಟ್ಟೆ ಜಾರದಂತೆ ಒದ್ದೆ ಬಟ್ಟೆ ಹಾಸಬೇಕು. ಹಸಿರು ಸೊಪ್ಪು ಮೊದಲು ಮುಗಿಯುತ್ತದೆ. ಆಮೇಲೆ ಆಲೂಗಡ್ಡೆ, ಈರುಳ್ಳಿ, ಬೇಳೆಗಳ ರಾಜ್ಯ. ಉಪಕರಣವನ್ನು ಹಗ್ಗಕ್ಕೆ ಕಟ್ಟಿ ಆಳಕ್ಕೆ ಇಳಿಸಿ ನೀರಿನ ಉಪ್ಪು, ಬಿಸಿಗಳನ್ನು ಅಳೆಯುವಾಗ ಹಡಗು ನಿಲ್ಲಲೇಬೇಕು. ನಿಂತ ಹಡಗು ಓಡುವ ಹಡಗಿಗಿಂತ ಹೆಚ್ಚು ಹೊಯ್ದಾಡುತ್ತದೆ. ಹೊಟ್ಟೆ ತೊಳಸುವುದೂ ಆಗಲೇ.

ಅಳೆಯುವವರಿಗೆ ಸಮುದ್ರಕ್ಕಿಂತ ದೊಡ್ಡ ವೈರಿ ಹಡಗೇ ಎಂದರೆ ತಮಗೆ ಸೋಜಿಗವಾದೀತು. ಕಬ್ಬಿಣದ ಅಟ್ಟ ಬಿಸಿಲಿಗೆ ಕಾದು ಸುತ್ತಲ ಗಾಳಿಯನ್ನೂ ಕಾಯಿಸುತ್ತದೆ; ಹಡಗಿನ ಮೈ ಬೀಸುವ ಗಾಳಿಯನ್ನು ತಿರುಗಿಸುತ್ತದೆ. ಅದಕ್ಕಾಗಿ ಮೂತಿಯಿಂದ ಮುಂದಕ್ಕೆ ಒಂದು ಉದ್ದನೆಯ ತೋಳು ಚಾಚಿ, ಉಪಕರಣಗಳನ್ನು ಅದರ ತುದಿಗೆ ಕಟ್ಟಿ, ಹಡಗನ್ನು ಗಾಳಿಗೆ ಮುಖಮಾಡಿ ನಿಲ್ಲಿಸುತ್ತಾರೆ. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕಕ್ಕೆ ಉಪ್ಪು ಹತ್ತಿದರೆ ಲೆಕ್ಕ ಸುಳ್ಳಾಗುತ್ತದೆ. ಬಟ್ಟೆಯನ್ನು ಮತ್ತೆ ಮತ್ತೆ ಬದಲಿಸಬೇಕು. ಮಳೆಮಾಪಕದೊಳಗೆ ಅಲೆಯ ತುಂತುರೂ ಬೀಳುತ್ತದೆ. ಬಲೂನನ್ನು ಕೂವೆಗೆ ತಗುಲದಂತೆ ಬಿಡುವುದಂತೂ ಒಂದು ಕಸರತ್ತು. ಪಾರಾಗಿ ಹೋದರೆ ಅದು ಇಪ್ಪತ್ತು ಕಿಲೋಮೀಟರಿಗೂ ಮೇಲೇರಿ, ಒಡೆಯುವವರೆಗೂ ರೇಡಿಯೋ ಮೂಲಕ ಸುದ್ದಿ ಕಳಿಸುತ್ತದೆ.

ಇಷ್ಟೊಂದು ಮಡಿ ಏತಕ್ಕೆಂದರೆ, ಇಲ್ಲಿ ಒಂದು ಡಿಗ್ರಿಗೆ ಅಪಾರ ಬೆಲೆ. ಕಡಲಿನ ಮೈ ಸುಮಾರು 28 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಾತ್ರ ದೊಡ್ಡ ಮಳೆಮೋಡಗಳು ಹೇರಳವಾಗಿ ಏಳುತ್ತವೆಂದು ಬೆಂಗಳೂರಿನ ಸುಲೋಚನಾ ಗಾಡ್ಗೀಳ್ ಅವರೂ ಸಂಗಡಿಗರೂ 1984ರಲ್ಲಿ ತೋರಿಸಿದರು. ಬಕೆಟ್ಟಿನಲ್ಲಿ ಸೇದಿದ ನೀರನ್ನು ಬಿಸಿಲಿನಲ್ಲಿಟ್ಟು ತಡಮಾಡಿದರೆ ಅರ್ಧ ಡಿಗ್ರಿ ಅತ್ತಿತ್ತ ಆಗಿಹೋಗುತ್ತದೆ. 1999ರ ಬಲೂನುಗಳು ಇನ್ನೊಂದು ಗುಟ್ಟು ತಂದವು: ಮಳೆ ಸುರಿದು ಗಾಳಿಯ ಕಸುವು ಇಳಿದ ಮೇಲೆ, ಒಂದೆರಡು ದಿನಗಳಲ್ಲೇ ಕೊಲ್ಲಿ ಮತ್ತೆ ಮೋಡ ಕಟ್ಟುವ ಶಕ್ತಿಯನ್ನು ಕೂಡಿಸಿಕೊಳ್ಳುತ್ತದೆ.

ಇನ್ನು 2002. ನಮ್ಮ ಪಡುವಣ ಕರಾವಳಿಯ ಭಾರಿ ಮಳೆಯ ಮರ್ಮ ಅರಿಯಲೆಂದು 'ಸಾಗರ ಕನ್ಯಾ' ಅರಬ್ಬೀ ಸಮುದ್ರಕ್ಕೆ ಇಳಿಯಿತು. ಆ ಜುಲೈ ತಿಂಗಳಲ್ಲೇ ಮಳೆ ಕೈಕೊಡಬೇಕೆ? ದೇಶದಲ್ಲಿ ಬಿದ್ದದ್ದು ವಾಡಿಕೆಯ ಸುಮಾರು ಅರ್ಧ. ಊರಿನಿಂದ ಬಂದ ಸುದ್ದಿ ಎಂಥದೆಂಬುದನ್ನು ಈ ಸಭೆಯಲ್ಲಿರುವ ಹಿರಿಯರಿಗೆ ಹೇಳಬೇಕಾಗಿಲ್ಲ. ಆದರೆ ಶ್ರಮ ವ್ಯರ್ಥವಾಯಿತೆನ್ನುವ ಹಾಗಿಲ್ಲ. ಮಳೆ ಏಕೆ ಬರಲಿಲ್ಲ ಎಂಬುದಕ್ಕೂ ಸಾಕ್ಷಿ ಬೇಕಲ್ಲವೆ? ದಾಖಲೆ ಪುಸ್ತಕದಲ್ಲಿ ಮಳೆಯ ಅಂಕಣವನ್ನು ಖಾಲಿ ಬಿಡುವಂತಿಲ್ಲ, ಬೀಳದಿದ್ದರೆ ಸೊನ್ನೆ ಬರೆಯಬೇಕು. ಖಾಲಿಯೆಂದರೆ ಯಾರೂ ನೋಡಲಿಲ್ಲವೆಂದು ಅರ್ಥ.

ಮರುವರ್ಷ, 2003ರ ಬೇಸಗೆಯಲ್ಲಿ, ಈ ಕಾರ್ಯದ ಎರಡನೆಯ ಭಾಗಕ್ಕೆ ಹಡಗು ಮತ್ತೆ ಅದೇ ಅರಬ್ಬೀ ಸಮುದ್ರಕ್ಕೆ ಹೊರಟಿತು. ಈ ಸಲ ಮಾನ್ಸೂನಿಗೆ ಮೊದಲೇ, ಕೇರಳದ ಆಚೆಯ ನೀರು ಕಾಯುವುದನ್ನು ನೋಡಲು.