ಬರಗಾಲದ ಉಂಗುರ

(ಬೆಳವಣಕಿಯಲ್ಲಿ, ಕವಿತೆ ಬರೆಯುವ ನಮ್ಮ ಹುಡುಗ ಹುಡುಗಿಯರ ಮುಂದೆ ಆಡಿದ ಮಾತು)



ಕಟ್ಟಿಗೆ ಅಡ್ಡೆಯಾಗ ಹಮಾಲಿ ಮಾಡಿದವರು ನಮ್ಮಲ್ಲಿ ಅದಾರ. ಸಾಗವಾನಿ ದಿಮ್ಮಿಯ ಕೊಯ್ದ ಮುಖದ ಮೇಲೆ ಉಂಗುರ ಇರೋದು ಅವರಿಗೆ ಗೊತ್ತು. ಹೊತ್ತೆವು, ಇಳಿಸಿದೆವು, ಓದಲಿಲ್ಲ. ಇವತ್ತು ಓದೋಣ.

ಮಳೆ ಚೆನ್ನಾಗಿ ಆದ ವರ್ಷ ಸಾಗವಾನಿ ಅಗಲವಾದ ಉಂಗುರ ಕಟ್ಟುತ್ತದೆ. ಮಳೆ ಕೈಕೊಟ್ಟ ವರ್ಷ ಸಣ್ಣದು. ಪುಣೆಯ ಹವಾಮಾನ ವಿಜ್ಞಾನಿಗಳು ಈ ಉಂಗುರ ಅಳೆದು ಹಿಂದಿನ ಕಾಲದ ಮಳೆಗಾಲಗಳ ಲೆಕ್ಕ ತೆಗೆದಿದ್ದಾರೆ. ಮರ ಬರಗಾಲವನ್ನು ಮುಚ್ಚಿಡುವುದಿಲ್ಲ. ಹಳೆಯದನ್ನು ಅಳಿಸಿ ಹೊಸದು ಬರೆಯುವುದಿಲ್ಲ. ಹಳೆಯದರ ಸುತ್ತಲೇ ಕಟ್ಟುತ್ತದೆ.

ನಾವು ಹಾಗೆ ಬರೀತೀವೇನು? 1876–78ರ ಧಾತು ಬರದಾಗ ಈ ಎರಿ ಸೀಮೆ ಬೆಂದಿತು. ಸರ್ಕಾರದ ದಫ್ತರದಾಗ ಆಗಿನ ಜೋಳದ ಧಾರಣಿ ಐತಿ. ನಮ್ಮ ಕೇರಿಯ ಮುತ್ತಜ್ಜಿ ಏನು ಕುದಿಸಿ ಮಕ್ಕಳಿಗೆ ಹಾಕಿದಳು ಅನ್ನೋದು ಅಲ್ಲಿಲ್ಲ. 1972ರ ಬರದ ಮಾತು ಮಾತ್ರ ಇನ್ನೂ ನಮ್ಮ ಹಿರಿಯರ ಬಾಯಾಗ ಐತಿ. ಅವರು ಇರುವಾಗಲೇ ಕೇಳಿ ಬರೀರಿ.

1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಅದು ಒಂದು ಉಂಗುರ, ಗಟ್ಟಿ ಉಂಗುರ. ಅದನ್ನೇ ನಕಲು ಮಾಡ್ತಾ ಕೂತರೆ ಮರ ಬೆಳೆಯಲಿಲ್ಲ ಅಂತಲೇ ಅರ್ಥ. ನಮ್ಮ ವರ್ಷವನ್ನು ನಾವೇ ಕಟ್ಟಬೇಕು.

ಇನ್ನೊಂದು ಮಾತು. ತೀರಾ ಕೆಟ್ಟ ಬರದಲ್ಲಿ ಒಂದು ಮರ ಉಂಗುರವನ್ನೇ ಕಟ್ಟದೆ ಬಿಡಬಹುದು. ಅದೊಂದನ್ನೇ ನೋಡಿದರೆ ಲೆಕ್ಕ ತಪ್ಪುತ್ತದೆ. ಅದಕ್ಕೇ ವಿಜ್ಞಾನಿಗಳು ಹತ್ತಾರು ಮರಗಳನ್ನು ಹೋಲಿಸಿ ಕಳೆದುಹೋದ ವರ್ಷವನ್ನು ಹುಡುಕುತ್ತಾರೆ. ನಮ್ಮಲ್ಲೂ ಒಬ್ಬ ತಾಯಿ ಹೇಳಲಾರದೆ ನುಂಗಿದ್ದನ್ನು ಇನ್ನೊಬ್ಬ ತಾಯಿ ಹೇಳಿಯಾಳು. ಆದ್ದರಿಂದ ಒಬ್ಬ ಕವಿ ಸಾಲದು, ಕೇರಿಗೆ ಹತ್ತು ಮಂದಿ ಬೇಕು. ಹೆಣ್ಣುಮಕ್ಕಳು ಮೊದಲು ಬೇಕು.

ಕೊನೆಯದಾಗಿ, ಉಂಗುರ ಓದಲು ಮರ ಕಡಿಯಲೇಬೇಕು ಅಂತಿಲ್ಲ. ಟೊಳ್ಳು ಬೈರಿಗೆಯಿಂದ ಪೆನ್ಸಿಲಿನಂಥ ಒಂದು ಕಡ್ಡಿ ತೆಗೆದರೆ ಸಾಕು, ಮರ ನಿಂತೇ ಇರುತ್ತದೆ. ಆದರೆ ಈ ನಾಡು ನಮ್ಮನ್ನು ಓದುವುದು ನಾವು ಬಿದ್ದ ಮೇಲೆ. 2000ದ ಮಾರ್ಚ್ ತಿಂಗಳಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟುಹಾಕಿದ ಮೇಲೆ ನಾಡಿಗೆ ಆ ಊರಿನ ಹೆಸರು ತಿಳಿಯಿತು. ಅದಕ್ಕೂ ಮುಂಚಿನ ಅವರ ವರ್ಷಗಳನ್ನು ಯಾರು ಓದಿದ್ದರು?

ನಿಂತಿರುವಾಗಲೇ ಬರೆಯೋಣ. ನಿಂತಿರುವಾಗಲೇ ಓದಿಸೋಣ.

ಜೈ ಭೀಮ್.