ತಿದ್ದುವ ಮಾತಿಗೆ ತಲೆಬಾಗುವುದು



ಶತಮಾನೋತ್ಸವದ ಈ ಸಂಭ್ರಮದಲ್ಲಿ ನಮ್ಮ ದೇವಾಲಯದ ಸಾಧನೆಗಳನ್ನು ಕುರಿತು ಮಾತನಾಡುವವರು ಅನೇಕರಿದ್ದಾರೆ. ನಾವಾದರೋ ನಮ್ಮದೊಂದು ತಪ್ಪನ್ನೂ ಅದನ್ನು ತಿದ್ದಿದವರನ್ನೂ ನೆನೆಯಲು ನಿಂತಿದ್ದೇವೆ.

ಬಿಳಗಿಯ ಸೀಮೆಯಲ್ಲಿ ಕೊನೆಕೊಯ್ಲು ಆರಂಭವಾಯಿತೆಂದರೆ ಹಗಲಿರುಳುಗಳ ಭೇದ ಅಳಿಯುತ್ತದೆ. ಹಸಿ ಅಡಿಕೆ ಯಾರಿಗಾಗಿಯೂ ಕಾಯುವುದಿಲ್ಲ. ಕೊಯ್ದದ್ದನ್ನು ಸುಲಿದು, ಬೇಯಿಸಿ, ಒಣಹಾಕಲೇಬೇಕು. ನಮ್ಮ ಧರ್ಮಕೇಂದ್ರದ ಎಷ್ಟೋ ತಾಯಂದಿರು ಮೆಟ್ಟುಗತ್ತಿಯ ಮುಂದೆ ನಡುರಾತ್ರಿಯವರೆಗೂ ಕುಳಿತಿರುತ್ತಾರೆ. ಇದು ನಮಗೆ ತಿಳಿಯದ ಸಂಗತಿಯೇನಲ್ಲ. ಆದರೂ ಕೆಲವು ವರ್ಷಗಳ ಹಿಂದೆ, ಆಗಮನ ಕಾಲದ ಮೊದಲ ಭಾನುವಾರ, ಬಲಿಪೂಜೆಗೆ ತಡವಾಗಿ ಬಂದವರನ್ನು ಕಂಡು ಪ್ರಬೋಧನೆಯನ್ನು ನಿಲ್ಲಿಸಿ, ನಿಮ್ಮ ಭಕ್ತಿ ತಣ್ಣಗಾಗಿದೆಯೆಂದು ಕಟುವಾಗಿ ನುಡಿದೆವು.

ಪೂಜೆ ಮುಗಿದ ಮೇಲೆ ಹಿರಿಯ ತಾಯಿಯೊಬ್ಬರು ಒಳಗೆ ಬಂದರು. ಅಡಿಕೆಯ ಚೊಗರಿನಿಂದ ಕಪ್ಪಾದ ಬೆರಳುಗಳನ್ನು ಸೆರಗಿನಲ್ಲಿ ಮರೆಮಾಡಿಕೊಂಡು, “ಫಾದರ್, ತಡವಾದದ್ದು ನಮ್ಮ ತಪ್ಪೇ. ಆದರೆ ಭಕ್ತಿ ಇಲ್ಲದಿದ್ದರೆ ನಾವು ಮಲಗಿಯೇ ಇರುತ್ತಿದ್ದೆವಲ್ಲ?” ಎಂದರು.

ನಾವು ಉತ್ತರ ಕೊಡಲಿಲ್ಲ. ಆ ಮೌನ ವಿನಯದ್ದಲ್ಲ, ಸಿಟ್ಟಿನದು. ಗುರುಮಠದಲ್ಲಿ ವರ್ಷಗಟ್ಟಲೆ ದೈವಶಾಸ್ತ್ರ ಓದಿದವರಿಗೆ ಇವರು ಬುದ್ಧಿ ಹೇಳುವುದೇ ಎಂಬ ಗರ್ವ. ಮಾತು ನಿಜವೆಂದು ಅರಿವಾದಷ್ಟೂ, ಹೇಳಿದ ರೀತಿ ಸರಿಯಿರಲಿಲ್ಲ, ಸಮಯ ಸರಿಯಿರಲಿಲ್ಲ ಎಂದು ಹುಳುಕು ಹುಡುಕುತ್ತ ಮೂರು ವಾರ ಕಳೆದೆವು.

ಆ ದಿನಗಳಲ್ಲೇ ಗಲಾತ್ಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯವನ್ನು ಮತ್ತೆ ಓದಿದೆವು. ಅಂತಿಯೋಕ್ಯದಲ್ಲಿ ಅನ್ಯಜನರಿಂದ ಬಂದ ವಿಶ್ವಾಸಿಗಳೊಡನೆ ಊಟ ಮಾಡುತ್ತಿದ್ದ ಸಂತ ಪೇತ್ರರು, ಜೆರುಸಲೇಮಿನ ಕಡೆಯವರು ಬಂದೊಡನೆ ಅಂಜಿ ಹಿಂಜರಿದರು. ಎಲ್ಲರ ಎದುರಿನಲ್ಲೇ ಸಂತ ಪೌಲರು ಅವರನ್ನು ಖಂಡಿಸಿದರು. ಪೇತ್ರರು ಪ್ರೇಷಿತರಲ್ಲಿ ಮೊದಲಿಗರು. ಪೌಲರು ತಡವಾಗಿ ಬಂದವರು, ಹಿಂದೆ ಧರ್ಮಸಭೆಯನ್ನು ಹಿಂಸಿಸಿದವರು. ಹಳೆಯದನ್ನು ಎತ್ತಿ ಆಡುವುದು ಪೇತ್ರರಿಗೆ ಎಷ್ಟು ಸುಲಭವಿತ್ತು! ಅವರು ಏನೆಂದರೆಂಬುದು ಪತ್ರದಲ್ಲಿಲ್ಲ. ಆದರೆ ಪೇತ್ರರ ಹೆಸರಿನ ಎರಡನೆಯ ಪತ್ರದಲ್ಲಿ ಪೌಲರನ್ನು ಪ್ರಿಯ ಸಹೋದರನೆಂದೇ ಕರೆದಿದೆ.

ಪೇತ್ರರಂಥವರು ನಿಜವಾಗಿ ತಪ್ಪಿದರೆಂದು ಒಪ್ಪಲು ಸಂತ ಜೆರೋಮರಿಗೆ ಮನಸ್ಸಾಗಲಿಲ್ಲ. ಅದು ಜನರ ಹಿತಕ್ಕಾಗಿ ಇಬ್ಬರೂ ಕೂಡಿ ತೋರಿದ ತೋರಿಕೆ ಎಂದರು. ಸುಮಾರು 405ರಲ್ಲಿ ಅವರಿಗೆ ಬರೆದ ಪತ್ರದಲ್ಲಿ ಹಿಪ್ಪೋ ನಗರದ ಧರ್ಮಾಧ್ಯಕ್ಷ ಸಂತ ಅಗಸ್ಟೀನರು ಇದನ್ನು ಒಪ್ಪಲಿಲ್ಲ. ತಪ್ಪು ನಿಜ, ತಿದ್ದುಪಡಿಯೂ ನಿಜ. ಧೈರ್ಯದಿಂದ ತಿದ್ದಿದ ಪೌಲರಿಗಿಂತ, ಕಿರಿಯನಿಂದ ತಿದ್ದಿಸಿಕೊಂಡ ಪೇತ್ರರ ಮಾದರಿಯೇ ಹೆಚ್ಚು ಅಪರೂಪದ್ದು, ಹೆಚ್ಚು ಪವಿತ್ರವಾದದ್ದು ಎಂಬುದು ಅವರ ಅಭಿಪ್ರಾಯ. ಅವರದು ಬರಿಯ ಉಪದೇಶವಲ್ಲ. 426-27ರ ಸುಮಾರಿಗೆ, ಎಪ್ಪತ್ತು ದಾಟಿದ ಮೇಲೆ, ತಮ್ಮ 93 ಕೃತಿಗಳನ್ನು ಪರಿಶೀಲಿಸಿ ತಪ್ಪೆಂದು ಕಂಡದ್ದನ್ನು ತಾವೇ ಬರೆದಿಟ್ಟರು.

ಕ್ರಿಸ್ತಜಯಂತಿಗೆ ಮುಂಚಿನ ಭಾನುವಾರ, ಗದರಿದ್ದ ಸ್ಥಳದಲ್ಲೇ ನಿಂತು ಕ್ಷಮೆ ಬೇಡಿದೆವು. ಆ ತಾಯಿ ಅಂದು ಬಂದಿರಲಿಲ್ಲ. ಸಂಜೆ ಅವರು ಅಡಿಕೆ ಸುಲಿಯುತ್ತಿದ್ದ ಅಂಗಳಕ್ಕೇ ಹೋದೆವು. ಎದ್ದು ನಿಲ್ಲಹೋದವರನ್ನು ತಡೆದು, ಹೇಳಬೇಕಾದದ್ದನ್ನು ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಪೂಜೆ ಎಂಟೂವರೆಗೆ ಇಟ್ಟರೆ ಎಲ್ಲರೂ ಬರುತ್ತಾರೆ, ಫಾದರ್” ಎಂದರು.

ಅಂದಿನಿಂದ ಕೊಯ್ಲಿನ ತಿಂಗಳುಗಳಲ್ಲಿ ನಮ್ಮಲ್ಲಿ ಭಾನುವಾರದ ಪೂಜೆ ಎಂಟೂವರೆಗೆ.