ತಡವಾಗಿ ಬಂದ ಕೀರ್ತಿ



ಪೇಟ ಸುತ್ತಿದ, ಬಿಳಿ ಮೀಸೆಯ ಮಸಾಲೆ ಅಜ್ಜನನ್ನು ದೂರದರ್ಶನದ ಜಾಹೀರಾತುಗಳಲ್ಲಿ ನಾವೆಲ್ಲರೂ ಕಂಡಿದ್ದೇವೆ. ಅವರೇ ಎಂ.ಡಿ.ಎಚ್. ಸಂಸ್ಥೆಯ ಧರ್ಮಪಾಲ್ ಗುಲಾಟಿಯವರು. 1923ರಲ್ಲಿ ಸಿಯಾಲ್‌ಕೋಟೆಯಲ್ಲಿ ಜನಿಸಿದ ಅವರ ಓದು ಐದನೆಯ ತರಗತಿಗೇ ನಿಂತಿತು. 1947ರಲ್ಲಿ ನಿರಾಶ್ರಿತರಾಗಿ ದೆಹಲಿಗೆ ಬಂದು ಟಾಂಗಾ ಓಡಿಸಿದರು. ಬಳಿಕ ಮಸಾಲೆಯಂಗಡಿ ತೆರೆದರು. ಮುಂದೊಮ್ಮೆ ಜಾಹೀರಾತಿನಲ್ಲಿ ವಧುವಿನ ತಂದೆಯಾಗಬೇಕಿದ್ದ ನಟ ಬಾರದಿರಲು, ತಾವೇ ಆ ಪಾತ್ರಕ್ಕೆ ನಿಂತರು. ಆ ಮುಖ ಮನೆಮನೆಗೂ ಪರಿಚಿತವಾಯಿತು. 2019ರಲ್ಲಿ ಪದ್ಮಭೂಷಣ ಬಂದಿತು. 2020ರಲ್ಲಿ ಅವರು ತೀರಿಕೊಂಡರು.

ಕ್ಯಾಮೆರಾ ಕಂಡದ್ದು ವೃದ್ಧರ ನಗೆಯನ್ನು, ಅದರ ಹಿಂದಿನ ದುಡಿಮೆಯನ್ನಲ್ಲ. ನಮ್ಮ ದೇವಾಲಯಕ್ಕೆ ಕಲ್ಲು ಹೊತ್ತವರಿಗೆ ಅಷ್ಟೂ ದೊರೆಯಲಿಲ್ಲ. ಈ ಶತಮಾನೋತ್ಸವದಲ್ಲಾದರೂ ಮನೆಯ ಹಿರಿಯರನ್ನು ಕೇಳಿ, ಅವರ ಹೆಸರುಗಳನ್ನು ಬರೆದಿಡೋಣ. ಹೇಳಬಲ್ಲವರು ಇನ್ನು ಕೆಲವರೇ ಉಳಿದಿದ್ದಾರೆ.